ಸಂತ ಜೆರೋಮರೂ ಲತೀನ್ ಕೃದಂತವೂ

ಧರ್ಮಸಭೆಯ ಮಹಾಪಂಡಿತರಾದ ಸಂತ ಜೆರೋಮರು ಕ್ರಿ.ಶ. 347ರ ಸುಮಾರಿಗೆ ದಲ್ಮಾತಿಯದ ಗಡಿಯಲ್ಲಿದ್ದ ಸ್ತ್ರಿದೋನ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ರೋಮಿಗೆ ತೆರಳಿ, ಪ್ರಖ್ಯಾತ ವೈಯಾಕರಣ ದೊನಾತುಸರಲ್ಲಿ ವ್ಯಾಕರಣವನ್ನು ಅಭ್ಯಸಿಸಿದರು. ಆ ಗುರುಗಳು ಕೃದಂತವನ್ನು ಪ್ರತ್ಯೇಕ ಪದವರ್ಗವೆಂದೇ ಎಣಿಸಿದ್ದರು. ಲಿಂಗ, ವಿಭಕ್ತಿಗಳನ್ನು ನಾಮಪದದಿಂದಲೂ ಕಾಲವನ್ನು ಕ್ರಿಯಾಪದದಿಂದಲೂ ಪಡೆದು ಅದು ಎರಡರಲ್ಲಿಯೂ ಪಾಲುಗೊಳ್ಳುತ್ತದೆ.

ಪ್ರೀತಿಸುತ್ತಿರುವ ಎಂಬರ್ಥದ ವರ್ತಮಾನ ಕೃದಂತ 'ಅಮಾನ್ಸ್', ಷಷ್ಠಿಯಲ್ಲಿ 'ಅಮಾಂತಿಸ್'. ಪ್ರಥಮಾ ಏಕವಚನದಲ್ಲಿ ಮೂರು ಲಿಂಗಗಳಿಗೂ ಒಂದೇ ರೂಪ. ಪಂಚಮಿಯಲ್ಲಿ ಮಾತ್ರ, ಕ್ರಿಯೆಯ ಅರ್ಥವಿದ್ದರೆ ಎಕಾರಾಂತ, ಬರಿಯ ಗುಣವಾಚಕವಾದರೆ ಇಕಾರಾಂತ. ಗುರುಮಠದಲ್ಲಿ ಈ ಭೇದದಲ್ಲಿ ನಾನು ಎಡವಿದ್ದು ಅದೆಷ್ಟು ಬಾರಿಯೋ!

382ರಲ್ಲಿ ರೋಮಿಗೆ ಮರಳಿ ಬಂದ ಜೆರೋಮರಿಗೆ ಜಗದ್ಗುರು ದಮಾಸಸರು ಶುಭಸಂದೇಶಗಳ ಹಳೆಯ ಲತೀನ್ ಪಾಠಗಳನ್ನು ತಿದ್ದುವ ಹೊಣೆಯನ್ನು ವಹಿಸಿದರು. ತೊಡಕು ಇಲ್ಲಿಯೇ. ಗ್ರೀಕ್ ಮೂಲದಲ್ಲಿ ಭೂತಕಾಲದ ಕರ್ತರಿ ಕೃದಂತಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಲತೀನಿನ ಸಾಮಾನ್ಯ ಧಾತುಗಳಿಗೆ ಅಂತಹ ರೂಪವೇ ಇಲ್ಲ. ಒಂದೋ ಉಪವಾಕ್ಯವನ್ನು ಕಟ್ಟಬೇಕು, ಇಲ್ಲವೇ ವರ್ತಮಾನ ಕೃದಂತದಿಂದಲೇ ಕೆಲಸ ಸಾಗಿಸಬೇಕು. ಮತ್ತಾಯನ ಕೊನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಲೋಕಕ್ಕೆ ಕಳುಹಿಸುವಾಗ ಗ್ರೀಕಿನಲ್ಲಿರುವ ಪದವನ್ನು ನಮ್ಮ ಕನ್ನಡ 'ಹೋಗಿ' ಎಂಬ ಭೂತನ್ಯೂನದಿಂದ ಅನಾಯಾಸವಾಗಿ ಹಿಡಿಯುತ್ತದೆ. ಲತೀನಿಗೆ ಆ ಭಾಗ್ಯವಿಲ್ಲ. ಅಲ್ಲಿರುವುದು 'ಎಉಂತೆಸ್', ಅಕ್ಷರಶಃ 'ಹೋಗುತ್ತಿರುವವರಾಗಿ'. ಅರ್ಥ ಕೆಡದಿದ್ದ ಕಡೆ ಹಳೆಯ ಪಾಠವನ್ನು ಮುಟ್ಟಬಾರದೆಂಬುದು ಜೆರೋಮರ ನಿಯಮವಾಗಿತ್ತು. ಇಷ್ಟು ಎಚ್ಚರಿಕೆಯಿದ್ದರೂ ದೇವರ ವಾಕ್ಯವನ್ನು ಕೆಡಿಸಿದರೆಂಬ ನಿಂದೆ ಅವರಿಗೆ ತಪ್ಪಲಿಲ್ಲ. ಅವರ ನಾಲಗೆಯೂ ಮೃದುವಾಗಿರಲಿಲ್ಲವೆನ್ನಿ.

384ರಲ್ಲಿ ದಮಾಸಸರು ತೀರಿಕೊಂಡರು. ಮರುವರ್ಷ ಜೆರೋಮರು ರೋಮನ್ನು ತೊರೆದರು. 386ರಿಂದ ಬೆತ್ಲೆಹೇಮಿನಲ್ಲಿ ನೆಲೆಸಿ, ಸಂತ ಪೌಲಾ ಅವರ ಆಶ್ರಯದಲ್ಲಿ, ಹಳೆಯ ಒಡಂಬಡಿಕೆಯನ್ನು ಹೀಬ್ರೂ ಮೂಲದಿಂದಲೇ ಅನುವಾದಿಸತೊಡಗಿದರು. 405ರ ಹೊತ್ತಿಗೆ ಆ ಕಾರ್ಯ ಮುಗಿಯಿತು. ಇಲ್ಲಿ ಅವರು ಹೆಚ್ಚು ಸ್ವತಂತ್ರರು. ಹೀಬ್ರೂವಿನಲ್ಲಿ ಒತ್ತಿಗಾಗಿ ಧಾತುವನ್ನು ಇಮ್ಮಡಿಸುವ ಪದ್ಧತಿಯುಂಟು. ಗ್ರೀಕ್ ಅನುವಾದಕರು ಅದನ್ನು ಕೃದಂತ ಮತ್ತು ಕ್ರಿಯಾಪದಗಳ ಜೋಡಿಯಾಗಿಸಿದ್ದರು. ಅಬ್ರಹಾಮನಿಗೆ ದೊರೆತ ಆಶೀರ್ವಾದದ ವಾಕ್ಯದಲ್ಲಿ ಜೆರೋಮರು ಕೃದಂತವನ್ನು ಬಿಟ್ಟು, ಕ್ರಿಯಾಪದವೊಂದೇ ಸಾಕೆಂದರು. ಅದೇ ವಾಕ್ಯವನ್ನು ಉದ್ಧರಿಸುವ ಹೀಬ್ರಿಯರಿಗೆ ಬರೆದ ಪತ್ರದ ಲತೀನ್ ಪಾಠದಲ್ಲಿ ಆ ಜೋಡಿ ಇಂದಿಗೂ ಉಂಟು.

416ರಲ್ಲಿ ಅವರ ಮಠಕ್ಕೆ ದುಷ್ಕರ್ಮಿಗಳು ಬೆಂಕಿಯಿಟ್ಟರು. 420ರಲ್ಲಿ ಅವರು ಬೆತ್ಲೆಹೇಮಿನಲ್ಲಿಯೇ ದೈವಾಧೀನರಾದರು. 1979ರಲ್ಲಿ ಪ್ರಕಟವಾದ ನವ ವುಲ್ಗಾತದಲ್ಲಿ ಎಷ್ಟೋ ತಿದ್ದುಪಡಿಗಳಾದರೂ, ಮತ್ತಾಯನ ಆ 'ಎಉಂತೆಸ್' ಹಾಗೆಯೇ ಉಳಿದಿದೆ.