ಎಂಜಿನ್‌ಗೆ ತಕ್ಕ ಕಿಡಿ: ಪುಣೆಯ ದೊಡ್ಡ ಎಸ್‌ಯುವಿಗಳಿಗೂ ಪಾಠ ಹೇಳುವ ರಾಬರ್ಟ್ ಬಾಷ್ ಬದುಕು

ಪುಣೆ: ಇಲ್ಲಿಗೆ ಸಮೀಪದ ಚಾಕಣ್‌ನಲ್ಲಿರುವ ಮರ್ಸಿಡಿಸ್ ಬೆಂಜ್ ಕಾರ್ಖಾನೆಯಲ್ಲಿ ಜೋಡಣೆಯಾಗುವ ಜಿಎಲ್‌ಎಸ್ 450 ಎಸ್‌ಯುವಿಯ ಪೆಟ್ರೋಲ್ ಎಂಜಿನ್‌ನಲ್ಲಿ ಆರು ಸಿಲಿಂಡರ್‌ಗಳಿವೆ. ಆರಕ್ಕೂ ಒಂದೊಂದು ಸ್ಪಾರ್ಕ್ ಪ್ಲಗ್. ಸುಮಾರು 3 ಲೀಟರ್ ಸಾಮರ್ಥ್ಯದ ಈ ಎಂಜಿನ್ ಓಡುವುದು ಬೆರಳುದ್ದದ ಆ ಆರು ಬಿಡಿಭಾಗಗಳು ಹೊತ್ತಿಸುವ ಕಿಡಿಯಿಂದ. ಅವು ಸವೆದು ಹೊಸದು ಹಾಕಿಸುವ ಸಮಯ ಬಂದಾಗ ಮಾಲೀಕರ ಮುಂದೆ ಹಲವು ಪ್ರಶ್ನೆಗಳು ಏಳುತ್ತವೆ. ಅಗ್ಗದ್ದು ಸಾಕೇ? ದುಬಾರಿಯದು ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ? ಯಾವ ಕಂಪನಿ, ಯಾವ ನಂಬರ್?

ಈ ಗೊಂದಲಕ್ಕೆ ಉತ್ತರ ಹುಡುಕುತ್ತಾ ಹೋದರೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಒಂದು ಪುಟ್ಟ ವರ್ಕ್‌ಶಾಪ್ ಸಿಗುತ್ತದೆ. ಅದರ ಮಾಲೀಕರೇ ರಾಬರ್ಟ್ ಬಾಷ್. ಬೆಂಗಳೂರಿಗರಿಗೆ ಮೈಕೋ ಎಂಬ ಹೆಸರಿನ ಮೂಲಕ ಪರಿಚಿತವಾದ ಸಂಸ್ಥೆಯ ಹಿಂದಿರುವ ವ್ಯಕ್ತಿ ಇವರೇ.

ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ನಗರದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆ ಸರ್ವೇಷಿಯಸ್ ಬಾಷ್ ಕೃಷಿಕರು. ಜೊತೆಗೆ ಪ್ರಯಾಣಿಕರು ತಂಗುವ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ಹಳ್ಳಿಯವರಾದರೂ ಓದಿಕೊಂಡಿದ್ದ ಅವರು ಮಕ್ಕಳ ಶಿಕ್ಷಣಕ್ಕೆ ಮಹತ್ವ ಕೊಟ್ಟಿದ್ದರು. ಹನ್ನೆರಡು ಮಕ್ಕಳಲ್ಲಿ ರಾಬರ್ಟ್ ಹನ್ನೊಂದನೆಯವರು.

ಶಾಲೆ ಮುಗಿಸಿದ ರಾಬರ್ಟ್ 1876ರಲ್ಲಿ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಮೆಕ್ಯಾನಿಕ್ ಆಗಲು ತರಬೇತಿಗೆ ಸೇರಿದರು. ಮೂರು ವರ್ಷ ಕಳೆದರೂ ಅಲ್ಲಿನ ಕಲಿಕೆ ಅವರಿಗೆ ತೃಪ್ತಿ ಕೊಡಲಿಲ್ಲ. ಬಳಿಕ ಹಲವು ಕಡೆ ದುಡಿದು, ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದ ತರಗತಿಗಳಲ್ಲಿ ಕೆಲಕಾಲ ಕುಳಿತು, 1884ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ನ್ಯೂಯಾರ್ಕ್‌ನಲ್ಲಿ ಥಾಮಸ್ ಎಡಿಸನ್ ಸಂಸ್ಥೆಯಲ್ಲಿ, ನಂತರ ಇಂಗ್ಲೆಂಡ್‌ನಲ್ಲಿ ಸೀಮೆನ್ಸ್ ಬ್ರದರ್ಸ್‌ನಲ್ಲಿ ಕೆಲಸ ಮಾಡಿ ತಾಯ್ನಾಡಿಗೆ ಮರಳಿದರು.

10 ಸಾವಿರ ಮಾರ್ಕ್, ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ

1886ರ ನವೆಂಬರ್ 15ರಂದು, 25ನೇ ವಯಸ್ಸಿನಲ್ಲಿ, ಬಾಷ್ ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಬಂಡವಾಳ 10,000 ಮಾರ್ಕ್. ಕೆಲಸಕ್ಕೆ ಒಬ್ಬ ಮೆಕ್ಯಾನಿಕ್ ಮತ್ತು ಮೇಲುಗೆಲಸಕ್ಕೆ ಒಬ್ಬ ಹುಡುಗ. ಟೆಲಿಫೋನ್, ವಿದ್ಯುತ್ ಗಂಟೆ ಹೀಗೆ ಏನು ಬಂದರೂ ಮಾಡಿಕೊಡುವ ಅಂಗಡಿ ಅದು.

ಮರುವರ್ಷ ಒಬ್ಬ ಗ್ರಾಹಕರಿಗಾಗಿ ಒಂದೆಡೆ ನಿಂತು ಕೆಲಸ ಮಾಡುವ ಎಂಜಿನ್‌ಗೆ ಕಿಡಿ ಒದಗಿಸುವ ಮ್ಯಾಗ್ನೆಟೊ ಎಂಬ ಉಪಕರಣವನ್ನು ತಯಾರಿಸಿದರು. ಆಗಲೇ ಬಳಕೆಯಲ್ಲಿದ್ದ ಒಂದು ಮಾದರಿಯನ್ನು ನೋಡಿ, ಅದನ್ನು ಸುಧಾರಿಸಿ ಮಾಡಿದ್ದು. ಆದರೂ ಹಾದಿ ಸುಗಮವಾಗಿರಲಿಲ್ಲ. 1890ರ ದಶಕದ ಆರಂಭದಲ್ಲಿ ವ್ಯಾಪಾರ ಕುಸಿದು ಹೆಚ್ಚಿನ ನೌಕರರನ್ನು ಕೆಲಸದಿಂದ ಬಿಡಿಸಬೇಕಾಯಿತು. ಬಾಷ್ ಸೈಕಲ್ ತುಳಿದು ಗ್ರಾಹಕರ ಬಳಿಗೆ ಹೋಗುತ್ತಿದ್ದ ಕಾಲವದು.

ಮೂರು ಚಕ್ರದ ಗಾಡಿ ಒಡ್ಡಿದ ಸವಾಲು

ತಿರುವು ಬಂದದ್ದು 1897ರಲ್ಲಿ. ಬ್ರಿಟನ್‌ನ ಉದ್ಯಮಿ ಫ್ರೆಡರಿಕ್ ಸಿಮ್ಸ್ ಅವರು ಡಿ ಡಿಯಾನ್ ಬೂಟನ್ ಕಂಪನಿಯ ಮೂರು ಚಕ್ರದ ಮೋಟಾರು ಗಾಡಿಯನ್ನು ತಂದು, ಇದಕ್ಕೆ ಮ್ಯಾಗ್ನೆಟೊ ಅಳವಡಿಸಿಕೊಡಲು ಕೇಳಿದರು. ಬಾಷ್ ಅವರ ಮ್ಯಾಗ್ನೆಟೊ ಅದುವರೆಗೆ ನಿಧಾನವಾಗಿ ತಿರುಗುವ ಎಂಜಿನ್‌ಗಳಿಗೆ ಹೊಂದಿಕೊಂಡಿತ್ತು. ಈ ಪುಟ್ಟ ಗಾಡಿಯ ಎಂಜಿನ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿತ್ತು. ಒಂದು ಎಂಜಿನ್‌ನಲ್ಲಿ ಚೆನ್ನಾಗಿ ನಡೆದ ಸಾಧನ ಇನ್ನೊಂದರಲ್ಲಿ ಸೋತಿತು.

ಬಾಷ್ ಅವರ ಫೋರ್‌ಮನ್ ಆರ್ನಾಲ್ಡ್ ಸೆಹ್ರಿಂಗರ್ ಇದಕ್ಕೆ ಪರಿಹಾರ ಹುಡುಕಿದರು. ಭಾರವಾದ ಆರ್ಮೇಚರ್ ಅನ್ನು ಸ್ಥಿರವಾಗಿಟ್ಟು, ಅದರ ಸುತ್ತ ಹಗುರವಾದ ಲೋಹದ ಕವಚ ಆಡುವಂತೆ ಮಾಡಿದರು. ವೇಗದ ಎಂಜಿನ್‌ಗೂ ಸಮಯಕ್ಕೆ ಸರಿಯಾಗಿ ಕಿಡಿ ಸಿಕ್ಕಿತು. ಎಂಜಿನ್ ಏನು ಕೇಳುತ್ತದೋ ಅದನ್ನು ಕೊಡಬೇಕು ಎಂಬ ಪಾಠವನ್ನು ಬಾಷ್ ಸಂಸ್ಥೆ ಕಲಿತದ್ದು ಇಲ್ಲಿ.

1902: ಹೊನೋಲ್ಡ್ ತಂದ ಕಿಡಿ

ಆದರೂ ಒಂದು ತೊಡಕು ಉಳಿದಿತ್ತು. ಆಗಿನ ವ್ಯವಸ್ಥೆಯಲ್ಲಿ ಸಿಲಿಂಡರ್ ಒಳಗೆ ಲೋಹದ ತುಂಡುಗಳು ಕೂಡಿ ಬಿಡಿಸಿಕೊಳ್ಳುವಾಗ ಕಿಡಿ ಹುಟ್ಟುತ್ತಿತ್ತು. ಸುಡುವ ಶಾಖದಲ್ಲಿ ಚಲಿಸುವ ಆ ಭಾಗಗಳು ಬೇಗ ಸವೆಯುತ್ತಿದ್ದವು. ಬಾಷ್ ಅವರ ಸೂಚನೆಯಂತೆ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚಿನ ವೋಲ್ಟೇಜ್‌ನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ರೂಪಿಸಿದರು. ಎರಡು ಎಲೆಕ್ಟ್ರೋಡ್‌ಗಳ ನಡುವಿನ ಸಣ್ಣ ಅಂತರವನ್ನು ವಿದ್ಯುತ್ ಹಾರಿ ದಾಟುತ್ತದೆ; ಸಿಲಿಂಡರ್ ಒಳಗೆ ಕಿಡಿಗಾಗಿ ಚಲಿಸುವ ಭಾಗವೇ ಬೇಡ. 1902ರ ಜನವರಿಯಲ್ಲಿ ಪೇಟೆಂಟ್ ದೊರೆಯಿತು.

ಸ್ಪಾರ್ಕ್ ಪ್ಲಗ್‌ನ ಕಲ್ಪನೆ ಅದಕ್ಕೂ ಹಳೆಯದು. 1860ರಲ್ಲಿ ಲೆನ್ವಾರ್ ಅವರ ಗ್ಯಾಸ್ ಎಂಜಿನ್‌ನಲ್ಲೂ ಅಂಥ ಸಾಧನವಿತ್ತು. ಆದರೆ ದಿನನಿತ್ಯದ ಓಡಾಟದಲ್ಲಿ ನಂಬಿಕೆಗೆ ಅರ್ಹವಾದ ಪೂರ್ಣ ವ್ಯವಸ್ಥೆಯಾಗಿ ಅದನ್ನು ಮಾರುಕಟ್ಟೆಗೆ ತಂದ ಶ್ರೇಯ ಹೊನೋಲ್ಡ್ ಮತ್ತು ಬಾಷ್ ಜೋಡಿಗೆ ಸಲ್ಲುತ್ತದೆ. ಮೊದಲ ಗ್ರಾಹಕರಲ್ಲಿ ಸ್ಟುಟ್‌ಗಾರ್ಟ್‌ನದೇ ಆದ ಡೈಮ್ಲರ್ ಕಂಪನಿಯೂ ಇತ್ತು. ಚಾಕಣ್ ಕಾರ್ಖಾನೆಯ ಮರ್ಸಿಡಿಸ್ ಹೆಸರಿನ ಬೇರು ಇರುವುದೂ ಅದೇ ಡೈಮ್ಲರ್‌ನಲ್ಲಿ.

ಎಂಟು ಗಂಟೆ ಕೆಲಸ, ಮುಷ್ಕರ, ಯುದ್ಧ

ವ್ಯಾಪಾರ ಬೆಳೆದಂತೆ ಬಾಷ್ 1906ರಲ್ಲೇ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸದ ಪದ್ಧತಿ ತಂದರು. ಆ ಕಾಲದ ಉದ್ಯಮಿಗಳಿಗೆ ಇದು ಅಚ್ಚರಿಯ ನಡೆ. 1910ರಲ್ಲಿ ತಾವು ಹಿಂದೆ ಕಲಿತಿದ್ದ ತಾಂತ್ರಿಕ ವಿದ್ಯಾಲಯಕ್ಕೆ 10 ಲಕ್ಷ ಮಾರ್ಕ್ ದೇಣಿಗೆ ನೀಡಿದರು. ಹಾಗೆಂದು ಕಾರ್ಮಿಕರೊಂದಿಗಿನ ಸಂಬಂಧ ಸದಾ ಸಿಹಿಯಾಗಿರಲಿಲ್ಲ. 1913ರಲ್ಲಿ ದೊಡ್ಡ ಮುಷ್ಕರ ನಡೆದು, ಬಾಷ್ ಉದ್ಯಮಿಗಳ ಸಂಘದ ಕಡೆಗೆ ವಾಲಿದರು.

ಮೊದಲ ಮಹಾಯುದ್ಧ ಅವರ ವಿದೇಶಿ ಸಾಮ್ರಾಜ್ಯವನ್ನೇ ಕಸಿಯಿತು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಕಾರ್ಖಾನೆಯೂ ಸೇರಿ ಹಲವು ಆಸ್ತಿಗಳು ಮುಟ್ಟುಗೋಲಾದವು. ಯುದ್ಧದಿಂದ ಬಂದ ಲಾಭವನ್ನು ಬಾಷ್ ಸಾರ್ವಜನಿಕ ಕೆಲಸಗಳಿಗೆ ದಾನ ಮಾಡಿದರು. 1921ರಲ್ಲಿ ಮಗ ರಾಬರ್ಟ್ ದೀರ್ಘಕಾಲದ ಕಾಯಿಲೆಯಿಂದ ತೀರಿಕೊಂಡಿದ್ದು ಅವರನ್ನು ಕುಗ್ಗಿಸಿತು. ಅದಾದ ಮರುವರ್ಷವೇ ಕಲ್ಕತ್ತಾದಲ್ಲಿ ಮಾರಾಟ ಏಜೆನ್ಸಿಯ ಮೂಲಕ ಬಾಷ್ ಉತ್ಪನ್ನಗಳು ಭಾರತಕ್ಕೆ ಕಾಲಿಟ್ಟವು.

1927ರ ಆ ನಂಬರ್

ಕಾರುಗಳ ಎಂಜಿನ್ ಬಲಗೊಂಡಂತೆ ಒಂದೇ ಬಗೆಯ ಪ್ಲಗ್ ಎಲ್ಲದಕ್ಕೂ ಸಾಲದಾಯಿತು. 1927ರಲ್ಲಿ ಬಾಷ್ ಸಂಸ್ಥೆ ಪ್ಲಗ್‌ಗಳಿಗೆ ಹೀಟ್ ರೇಂಜ್, ಅಂದರೆ ಶಾಖ ತಾಳುವ ಮಟ್ಟದ ನಂಬರ್ ಕೊಡತೊಡಗಿತು. ಇಂದಿಗೂ ಪ್ಲಗ್ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಪ್ಲಗ್‌ನ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದರೆ ಮಾತ್ರ ಅದರ ಮೇಲಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ಡಿಗ್ರಿ ದಾಟಿದರೆ ಕಿಡಿಗೆ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್‌ಗೆ ಪೆಟ್ಟು ಬೀಳುವ ಅಪಾಯವಿದೆ. ಶಾಖವನ್ನು ಬೇಗ ಬಿಟ್ಟುಕೊಡುವುದು ಕೋಲ್ಡ್ ಪ್ಲಗ್, ನಿಧಾನವಾಗಿ ಬಿಟ್ಟುಕೊಡುವುದು ಹಾಟ್ ಪ್ಲಗ್. ಗಮನಿಸಿ: ಈಗಿನ ಬಾಷ್ ಪ್ಲಗ್‌ಗಳಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ಹಾಟ್, ಎನ್‌ಜಿಕೆ ಪ್ಲಗ್‌ಗಳಲ್ಲಿ ನಂಬರ್ ಹೆಚ್ಚಾದಷ್ಟೂ ಕೋಲ್ಡ್. ಒಂದು ಕಂಪನಿಯ ನಂಬರ್ ಹಿಡಿದು ಇನ್ನೊಂದರ ಪ್ಲಗ್ ಕೊಂಡರೆ ಎಡವಟ್ಟು ಖಚಿತ.

ಕತ್ತಲೆಯ ಕೊನೆಯ ವರ್ಷಗಳು

ನಾಜಿ ಆಡಳಿತದ ಕಾಲ ಬಾಷ್ ಬದುಕಿನ ಅತ್ಯಂತ ಕಗ್ಗಂಟಿನ ಅಧ್ಯಾಯ. ಅವರು ಕಿರುಕುಳಕ್ಕೊಳಗಾದ ಯಹೂದಿಗಳಿಗೆ ನೆರವಾದರು, ಹಿಟ್ಲರ್ ವಿರೋಧಿಯಾದ ಕಾರ್ಲ್ ಗೋರ್ಡೆಲರ್ ಅವರಿಗೆ ಬೆಂಬಲವಾಗಿ ನಿಂತರು. ಅದೇ ವೇಳೆ ಅವರ ಕಂಪನಿ ಸೇನೆಗೆ ಸಾಮಗ್ರಿ ಪೂರೈಸಿತು. ಯುದ್ಧದ ವರ್ಷಗಳಲ್ಲಿ ಸಾವಿರಾರು ಜನರನ್ನು ಅದರ ಕಾರ್ಖಾನೆಗಳಲ್ಲಿ ಬಲವಂತವಾಗಿ ದುಡಿಸಲಾಯಿತು. ಈ ಎರಡೂ ಸತ್ಯಗಳನ್ನು ಒಟ್ಟಿಗೇ ನೋಡಬೇಕಾಗುತ್ತದೆ. 1942ರ ಮಾರ್ಚ್ 12ರಂದು, ಯುದ್ಧ ಮುಗಿಯುವ ಮೊದಲೇ, 80ನೇ ವಯಸ್ಸಿನಲ್ಲಿ ಬಾಷ್ ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು. ಅವರು ಮನಸಾರೆ ಒಪ್ಪದ ಆಡಳಿತವೇ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸಿತು.

ಆಡುಗೋಡಿಯ ಮೈಕೋ

ಅವರ ಸಾವಿನ ಒಂಬತ್ತು ವರ್ಷಗಳ ಬಳಿಕ, 1951ರಲ್ಲಿ, ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅರ್ಥಾತ್ ಮೈಕೋ ಶುರುವಾಯಿತು. ಆಡುಗೋಡಿಯ ಕಾರ್ಖಾನೆ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್‌ಗಳಿಗೆ ಹೆಸರಾಗಿ, ಮೈಕೋ ಲೇಔಟ್ ಎಂಬ ಬಡಾವಣೆಗೂ ತನ್ನ ಹೆಸರು ಕೊಟ್ಟಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. 2022ರ ಜೂನ್‌ನಲ್ಲಿ ಆಡುಗೋಡಿಯಲ್ಲಿ ಉದ್ಘಾಟನೆಯಾದ ಹೊಸ ಕ್ಯಾಂಪಸ್‌ಗೆ ಇಟ್ಟ ಹೆಸರು ಸ್ಪಾರ್ಕ್ ನೆಕ್ಸ್ಟ್. ಹಳೆಯ ಕಿಡಿಯ ನೆನಪು ಹೆಸರಿನಲ್ಲೇ ಉಳಿಯಿತು.

ಪ್ಲಗ್ ಬದಲಿಸುವ ಮುನ್ನ ಇದು ತಿಳಿದಿರಲಿ

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಹಾದು ಬೆಂಗಳೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದೊಡ್ಡ ಎಸ್‌ಯುವಿ ಓಡಿಸುವವರು ಬಾಷ್ ಬದುಕಿನಿಂದ ಪಡೆಯಬಹುದಾದ ಪಾಠ ಸರಳ: ಎಂಜಿನ್ ಕೇಳಿದ್ದನ್ನೇ ಕೊಡಿ.

* ಮೊದಲು ಇಂಧನ ಯಾವುದೆಂದು ಖಚಿತಪಡಿಸಿಕೊಳ್ಳಿ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿರುವುದು ಚಳಿಯಲ್ಲಿ ಸ್ಟಾರ್ಟ್ ಆಗಲು ನೆರವಾಗುವ ಗ್ಲೋ ಪ್ಲಗ್.

* ಮಾಲೀಕರ ಕೈಪಿಡಿಯಲ್ಲಿ ಅಥವಾ ಎಂಜಿನ್ ನಂಬರ್ ಆಧರಿಸಿ ಕಂಪನಿ ಸೂಚಿಸಿದ ಪ್ಲಗ್ ಕೋಡ್ ನೋಡಿ. ಹೀಟ್ ರೇಂಜ್ ಮಾತ್ರವಲ್ಲ, ಮರೆಯ ಉದ್ದ ಮತ್ತು ಅಳತೆಯೂ ಹೊಂದಬೇಕು.

* ಸಾಮಾನ್ಯ ನಿಕ್ಕಲ್ ಪ್ಲಗ್ ಬೇಗ ಸವೆಯುತ್ತದೆ. ಪ್ಲಾಟಿನಂ, ಇರಿಡಿಯಂ ಪ್ಲಗ್‌ಗಳು ಅದಕ್ಕಿಂತ ಹೆಚ್ಚು ದೂರ ಬಾಳಿಕೆ ಬರುತ್ತವೆ. ದುಬಾರಿ ಪ್ಲಗ್ ಹಾಕಿದ ಮಾತ್ರಕ್ಕೆ ಎಂಜಿನ್‌ನ ಶಕ್ತಿ ಹೆಚ್ಚುವುದಿಲ್ಲ. ಕಂಪನಿ ಇರಿಡಿಯಂ ಸೂಚಿಸಿದ್ದರೆ ನಿಕ್ಕಲ್‌ಗೆ ಇಳಿಯುವುದೂ ಸಲ್ಲದು.

* ಟರ್ಬೊ ಎಂಜಿನ್‌ನಲ್ಲಿ ಕಿಡಿಯ ಅಂತರ ತುಂಬ ಮುಖ್ಯ. ಇರಿಡಿಯಂ ತುದಿ ಸೂಕ್ಷ್ಮ. ಅದನ್ನು ಒತ್ತಿ ಅಂತರ ಸರಿಪಡಿಸಲು ಹೋದರೆ ಮುರಿಯಬಹುದು.

* ಎಲ್ಲ ಸಿಲಿಂಡರ್‌ಗಳ ಪ್ಲಗ್‌ಗಳನ್ನು ಒಟ್ಟಿಗೇ ಬದಲಿಸಿ. ಎಂಜಿನ್ ತಣ್ಣಗಾದ ಮೇಲೆ, ಟಾರ್ಕ್ ವ್ರೆಂಚ್‌ನಿಂದ ಸೂಚಿಸಿದಷ್ಟೇ ಬಿಗಿಗೊಳಿಸಿ.

* ನಕಲಿ ಮಾಲಿನ ಬಗ್ಗೆ ಎಚ್ಚರವಿರಲಿ. ನಂಬಿಕೆಯ ಅಂಗಡಿಯಲ್ಲಿ ಬಿಲ್ ಸಮೇತ ಖರೀದಿಸಿ.

ಬಾಷ್ ಅವರು ಗ್ರಾಹಕರ ನಂಬಿಕೆ ಕಳೆದುಕೊಳ್ಳುವುದಕ್ಕಿಂತ ಹಣ ಕಳೆದುಕೊಳ್ಳುವುದೇ ಮೇಲೆಂದು ನಂಬಿದ್ದವರು. ಇಂದು ಕಂಪನಿಯ ಹೆಚ್ಚಿನ ಷೇರುಗಳು ಅವರ ಹೆಸರಿನ ದತ್ತಿ ಸಂಸ್ಥೆಯ ಬಳಿ ಇವೆ. ಆದರೆ ಪೆಟ್ಟಿಗೆಯ ಮೇಲಿನ ಹೆಸರು ಎಷ್ಟೇ ದೊಡ್ಡದಿರಲಿ, ಪ್ಲಗ್ ಎಂಜಿನ್‌ಗೆ ಹೊಂದದಿದ್ದರೆ ವ್ಯರ್ಥ. 1897ರಲ್ಲಿ ಆ ಮೂರು ಚಕ್ರದ ಗಾಡಿಯ ಮುಂದೆ ಬಾಷ್ ಅವರ ಸ್ವಂತ ಮ್ಯಾಗ್ನೆಟೊ ಸೋತದ್ದೂ ಇದೇ ಕಾರಣಕ್ಕೆ.