ಅರ್ಧಕ್ಕೆ ನಿಂತ ಆಟದ ಲೆಕ್ಕ ಬಿಡಿಸಿದ ಪಾಸ್ಕಲ್

ಇಬ್ಬರು ಸಮನಾಗಿ ಹಣ ಪಣವಿಟ್ಟು ಆಟಕ್ಕೆ ಕುಳಿತಿದ್ದಾರೆ. ಪ್ರತಿ ಸುತ್ತಿನಲ್ಲೂ ಇಬ್ಬರಿಗೂ ಗೆಲ್ಲುವ ಅವಕಾಶ ಸಮ. ಆಟ ನಡುವೆಯೇ ನಿಂತುಹೋಗುತ್ತದೆ. ಗೆಲುವಿಗೆ ಮೊದಲನೆಯವನಿಗೆ ಇನ್ನೂ ಎರಡು ಸುತ್ತು ಬೇಕು, ಎರಡನೆಯವನಿಗೆ ಮೂರು. ಒಟ್ಟು 64 ನಾಣ್ಯಗಳನ್ನು ನ್ಯಾಯವಾಗಿ ಹಂಚುವುದು ಹೇಗೆ? ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 1654ರಲ್ಲಿ ಕೈಗೆತ್ತಿಕೊಂಡದ್ದು ಇಂಥದೇ ಸಮಸ್ಯೆಯನ್ನು. ಸಂಭವನೀಯತೆಯ ಗಣಿತಕ್ಕೆ ಬುನಾದಿ ಬಿದ್ದದ್ದು ಅಲ್ಲಿಂದಲೇ.

ಪಾಸ್ಕಲ್ ಜನಿಸಿದ್ದು 1623ರ ಜೂನ್ 19ರಂದು, ಕ್ಲೆರ್ಮಾನ್ ಪಟ್ಟಣದಲ್ಲಿ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ ತಂದೆ ಎತಿಯೆನ್ ಮನೆಯಲ್ಲೇ ಪಾಠ ಹೇಳಿದ. ಭಾಷಾಕಲಿಕೆಗೆ ಅಡ್ಡಿಯಾದೀತೆಂದು ಮೊದಲು ಗಣಿತವನ್ನು ದೂರವಿಡಲಾಗಿತ್ತು. ಆದರೂ ಹದಿನಾರನೆಯ ವಯಸ್ಸಿಗೆ ಹುಡುಗ ರೇಖಾಗಣಿತದಲ್ಲಿ ಹೊಸ ಪ್ರಮೇಯವನ್ನೇ ಮಂಡಿಸಿದ. ತೆರಿಗೆ ಲೆಕ್ಕದಲ್ಲಿ ಮುಳುಗಿದ್ದ ತಂದೆಗೆ ನೆರವಾಗಲೆಂದು 1642ರಲ್ಲಿ ಲೆಕ್ಕ ಮಾಡುವ ಯಂತ್ರದ ನಿರ್ಮಾಣಕ್ಕೆ ತೊಡಗಿದ. 1648ರಲ್ಲಿ ಅವನ ಸೂಚನೆಯಂತೆ ಭಾವ ಪೆರಿಯೆ ಪ್ಯೂಯ್ ದ ದೋಮ್ ಬೆಟ್ಟವೇರಿ ನಡೆಸಿದ ಪ್ರಯೋಗ, ಎತ್ತರಕ್ಕೆ ಹೋದಂತೆ ವಾಯುಭಾರ ಇಳಿಯುವುದನ್ನು ತೋರಿಸಿತು. ಒತ್ತಡದ ಮಾನಕ್ಕೆ ಇಂದು ಪಾಸ್ಕಲ್ ಹೆಸರೇ ಇದೆ.

ಜೂಜಿನಲ್ಲಿ ಆಸಕ್ತಿಯಿದ್ದ ಶೆವಾಲಿಯೆ ದ ಮೆರೆ ಹಂಚಿಕೆಯ ಸಮಸ್ಯೆಯನ್ನು ಪಾಸ್ಕಲ್ ಮುಂದಿಟ್ಟ. ತುಲೂಸಿನ ನ್ಯಾಯಾಧಿಕಾರಿ, ಗಣಿತಜ್ಞ ಫೆರ್ಮಾನೊಡನೆ ಪತ್ರ ವ್ಯವಹಾರ ನಡೆಯಿತು. ಗೆದ್ದ ಸುತ್ತುಗಳನ್ನಲ್ಲ, ಉಳಿದ ಸುತ್ತುಗಳನ್ನು ಎಣಿಸಬೇಕೆಂಬುದನ್ನು ಇಬ್ಬರೂ ಕಂಡುಕೊಂಡರು.

ಅದಕ್ಕೆ ಪಾಸ್ಕಲ್ ಬಳಸಿದ್ದು ಸಂಖ್ಯೆಗಳ ತ್ರಿಭುಜ. ಅಂಚುಗಳಲ್ಲಿ 1, ಒಳಗಿನ ಪ್ರತಿ ಸಂಖ್ಯೆಯೂ ಮೇಲಿನ ಎರಡರ ಮೊತ್ತ. ಎರಡು ಪದಗಳ ಮೊತ್ತವನ್ನು ನಾಲ್ಕನೆಯ ಘಾತಕ್ಕೇರಿಸಿ ವಿಸ್ತರಿಸಿದರೆ ಬರುವ ಸಹಗುಣಕಗಳು ಅದರ ಒಂದು ಸಾಲು: 1, 4, 6, 4, 1. ಮೇಲಿನ ಆಟ ಹೆಚ್ಚೆಂದರೆ ನಾಲ್ಕು ಸುತ್ತಿನಲ್ಲಿ ತೀರ್ಮಾನವಾಗುತ್ತದೆ. ಸಾಧ್ಯತೆಗಳು ಒಟ್ಟು 16. ಎರಡು ಅಥವಾ ಹೆಚ್ಚು ಸುತ್ತು ಮೊದಲನೆಯವನಿಗೆ ಒಲಿಯುವ ಸಾಧ್ಯತೆಗಳು 6, 4, 1 ಸೇರಿ 11. ಎರಡನೆಯವನಿಗೆ ಉಳಿಯುವುದು 5. ಅಂದರೆ ಮೊದಲನೆಯವನಿಗೆ 44 ನಾಣ್ಯ, ಎರಡನೆಯವನಿಗೆ 20.

ಈ ತ್ರಿಭುಜ ಪಾಸ್ಕಲ್‌ಗಿಂತ ಬಹು ಹಳೆಯದು. ಪಿಂಗಳನ ಛಂದಶ್ಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಹಲಾಯುಧ 10ನೇ ಶತಮಾನದಲ್ಲೇ ಇದನ್ನು ಮೇರು ಪ್ರಸ್ತಾರವೆಂದು ವಿವರಿಸಿದ್ದ. ಅದಕ್ಕೂ ಮುನ್ನ, 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಈ ಸಂಖ್ಯೆಗಳನ್ನು ನೇರವಾಗಿ ಪಡೆಯುವ ಸಾಮಾನ್ಯ ಸೂತ್ರವನ್ನು ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದ. ತ್ರಿಭುಜದ ಗುಣಗಳನ್ನು ಒಂದೆಡೆ ತಂದು ಸಾಧಿಸಿ, ಹಂಚಿಕೆಯ ನ್ಯಾಯಕ್ಕೆ ಜೋಡಿಸಿದ್ದು ಪಾಸ್ಕಲ್‌ನ ಹಿರಿಮೆ.

ಅದೇ 1654ರ ನವೆಂಬರ್ 23ರ ರಾತ್ರಿ ಉಂಟಾದ ತೀವ್ರ ಧಾರ್ಮಿಕ ಅನುಭವ ಅವನನ್ನು ಗಣಿತದಿಂದ ಬಹುಮಟ್ಟಿಗೆ ದೂರ ಒಯ್ದಿತು. ಅದನ್ನು ಬರೆದಿಟ್ಟ ಹಾಳೆ ಅವನ ಸಾವಿನ ನಂತರ ಅಂಗಿಯ ಒಳಹೊಲಿಗೆಯಲ್ಲಿ ದೊರೆಯಿತು. ದೀರ್ಘಕಾಲದ ಅನಾರೋಗ್ಯದ ನಡುವೆಯೂ 1662ರಲ್ಲಿ ಪ್ಯಾರಿಸ್‌ನಲ್ಲಿ ನಿಗದಿತ ಮಾರ್ಗದ ಸಾರ್ವಜನಿಕ ಕುದುರೆಗಾಡಿ ಸೇವೆ ಆರಂಭಿಸಲು ಮುಂದಾದ. ಆ ವರ್ಷ ಆಗಸ್ಟ್ 19ರಂದು ನಿಧನನಾದಾಗ ಅವನಿಗೆ ಕೇವಲ 39 ವರ್ಷ.

ತ್ರಿಭುಜದ ಗ್ರಂಥ ಓದುಗರ ಕೈಸೇರಿದ್ದು 1665ರಲ್ಲಿ. ನಡೆಯದೆ ಉಳಿದುದರ ಬೆಲೆ ಕಟ್ಟುವ ಆ ಲೆಕ್ಕಾಚಾರವೇ ಇಂದಿನ ವಿಮಾ ಕಂತಿನ ನಿಗದಿಗೂ ತಳಹದಿ.