‘ನಾನು’ ಎಂದು ಶುರುವಾಗಿ ಹೆಸರಿಲ್ಲದೆ ಮುಗಿದ ಚೀಟಿ

ಮಕ್ಕಳೇ, ‘ನೀನು ಎಲ್ಲಿಯವಳು?’ ಎಂದು ಈ ದೂರದ ದೇಶದ ಶಾಲೆಯಲ್ಲಿ ನಿಮ್ಮನ್ನು ಯಾರಾದರೂ ಕೇಳಿಯೇ ಇರುತ್ತಾರೆ. ಹುಟ್ಟಿದ ಊರಿನ ಹೆಸರು ಹೇಳಿದರೆ ಸಾಲದು, ‘ಅಲ್ಲ, ನಿಜವಾಗಿ ಎಲ್ಲಿಯವಳು?’ ಎಂದು ಮತ್ತೆ ಕೇಳುತ್ತಾರೆ. ಕಳೆದ ಯುಗಾದಿ ಊಟದಲ್ಲಿ ನನ್ನ ಪಕ್ಕ ಕುಳಿತಿದ್ದ ಪುಟ್ಟಿಯೊಬ್ಬಳು ಇದನ್ನೇ ಹೇಳಿಕೊಂಡು, ‘ಹಾಗಾದರೆ ನಾನು ಯಾರು, ಆಂಟಿ?’ ಅಂದಳು. ಒಬ್ಬಟ್ಟು ಬಡಿಸುವ ಗಡಿಬಿಡಿಯಲ್ಲಿ ಅವಳಿಗೆ ಸರಿಯಾಗಿ ಉತ್ತರಿಸಲಾಗಲಿಲ್ಲ. ಆ ಪ್ರಶ್ನೆಯನ್ನು ಬದುಕಿಡೀ ಕೈಬಿಡದೆ ಹಿಡಿದ ಒಬ್ಬ ಹುಡುಗನ ಕಥೆಯನ್ನು ಈಗ ಹೇಳುತ್ತೇನೆ.

ಅವನ ಹೆಸರು ವೆಂಕಟರಾಮನ್. ತಮಿಳುನಾಡಿನ ತಿರುಚ್ಚುಳಿ ಎಂಬ ಊರಿನಲ್ಲಿ 1879ರಲ್ಲಿ ಹುಟ್ಟಿದ. ಚಿಕ್ಕ ವಯಸ್ಸಿನಲ್ಲೇ ಅಪ್ಪ ತೀರಿಕೊಂಡಿದ್ದರಿಂದ ಮಧುರೆಯ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದ. ಫುಟ್‌ಬಾಲ್, ಕುಸ್ತಿ ಎಂದರೆ ಪ್ರಾಣ. ಮಲಗಿದರೆ ಗೆಳೆಯರು ಹೊಡೆದರೂ ಎಚ್ಚರವಾಗದಂಥ ನಿದ್ದೆ. ಅವನೂ ನಿಮ್ಮಂಥ ಹುಡುಗನೇ.

1896ರ ಜುಲೈ. ಮಹಡಿಯ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದಾಗ, ಕಾಯಿಲೆ ಕಸಾಲೆ ಏನೂ ಇಲ್ಲದೆ, ‘ನಾನೀಗ ಸಾಯುತ್ತೇನೆ’ ಎಂಬ ಭಯ ಅವನನ್ನು ಹಿಡಿಯಿತು. ನಾವಾಗಿದ್ದರೆ ಅಮ್ಮನನ್ನು ಕೂಗುತ್ತಿದ್ದೆವು. ಅವನು ಕೈಕಾಲು ಚಾಚಿ ಹೆಣದಂತೆ ಮಲಗಿ, ಉಸಿರು ಬಿಗಿಹಿಡಿದು, ಸಾಯುವುದು ಯಾರು ಎಂದು ನೋಡಿದ. ದೇಹ ಸಾಯುತ್ತದೆ, ಸರಿ. ಆದರೆ ಅದನ್ನು ಗಮನಿಸುತ್ತಿರುವ ‘ನಾನು’? ಅದಕ್ಕೆ ಸಾವಿಲ್ಲವೆಂದು ಅವನಿಗೆ ಖಚಿತವಾಯಿತು. ಸಾವಿನ ಭಯ ಮತ್ತೆಂದೂ ಅವನ ಹತ್ತಿರ ಸುಳಿಯಲಿಲ್ಲ. ಆಗ ಅವನಿಗೆ ಹದಿನಾರು ವರ್ಷ.

ಆಮೇಲೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಹೀಗಿರುವವನಿಗೆ ಈ ಓದು ಯಾಕೆ ಎಂದು ಅಣ್ಣ ಗದರಿದ. ಆಗಸ್ಟ್ 29ರಂದು ಹುಡುಗ ಮನೆ ಬಿಟ್ಟ. ಅಣ್ಣನ ಕಾಲೇಜು ಶುಲ್ಕ ಕಟ್ಟಲು ಕೊಟ್ಟಿದ್ದ ಐದು ರೂಪಾಯಿಯಲ್ಲಿ ಮೂರನ್ನು ಪ್ರಯಾಣಕ್ಕೆ ಇಟ್ಟುಕೊಂಡು, ಉಳಿದ ಎರಡರ ಜೊತೆ ಒಂದು ಚೀಟಿ ಬರೆದಿಟ್ಟ.

ಆ ಚೀಟಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನನಗೆ ಅದಕ್ಕಿಂತ ಪ್ರಿಯವಾದ ಬರಹ ಇಲ್ಲ. ತಂದೆಯನ್ನು, ಅಂದರೆ ದೇವರನ್ನು, ಹುಡುಕಿ ಹೊರಟಿರುವುದಾಗಿ ಅದರಲ್ಲಿದೆ. ಯಾರೂ ದುಃಖಪಡಬೇಡಿ, ಹುಡುಕಲು ದುಡ್ಡು ಖರ್ಚು ಮಾಡಬೇಡಿ ಎಂದಿದೆ. ಶುಲ್ಕ ಇನ್ನೂ ಕಟ್ಟಿಲ್ಲ ಎಂಬ ಪ್ರಾಮಾಣಿಕ ಲೆಕ್ಕವೂ ಇದೆ. ಆದರೆ ನೋಡಿ, ಮೊದಲ ವಾಕ್ಯದಲ್ಲಿ ‘ನಾನ್’ ಎಂದು ಬರೆದವನು ಮುಂದಿನದರಲ್ಲಿ ತನ್ನನ್ನು ‘ಇದು’ ಎನ್ನುತ್ತಾನೆ. ಕೊನೆಗೆ ಸಹಿ ಇರಬೇಕಾದಲ್ಲಿ ಬರೀ ಗೆರೆ! ನಾನು, ಇದು, ಆಮೇಲೆ ಹೆಸರೇ ಇಲ್ಲ. ತಮಿಳಿನ ಆ ಎರಡು ಪದಗಳನ್ನು ನಿಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ನಮ್ಮ ಮಾತಿನಲ್ಲೂ ಅವೇ ಇವೆ. ಕನ್ನಡ ಬಲ್ಲ ಮಗುವಿಗೆ ಪಕ್ಕದ ಮನೆಯ ಬಾಗಿಲೂ ಅರ್ಧ ತೆರೆದಿರುತ್ತದೆ.

ಸ್ವಲ್ಪ ದೂರ ರೈಲಿನಲ್ಲಿ, ಸ್ವಲ್ಪ ದೂರ ನಡೆದು, ದಾರಿಯಲ್ಲಿ ಕಿವಿಯ ಒಂಟಿಗಳನ್ನು ಅಡವಿಟ್ಟು, ಸೆಪ್ಟೆಂಬರ್ 1ರಂದು ಅವನು ತಿರುವಣ್ಣಾಮಲೈ ಸೇರಿದ. ಅಲ್ಲಿರುವುದು ಅರುಣಾಚಲ ಬೆಟ್ಟ. ಮುಂದೆ 1950ರಲ್ಲಿ ತೀರಿಕೊಳ್ಳುವವರೆಗೆ ಆ ಊರನ್ನು ಬಿಟ್ಟು ಹೋಗಲಿಲ್ಲ. ಮೊದಮೊದಲು ಅಲ್ಲಿನ ದೇವಾಲಯದ ಪಾತಾಳಲಿಂಗವೆಂಬ ನೆಲಮಾಳಿಗೆಯ ಕತ್ತಲೆಯಲ್ಲಿ, ಇರುವೆ ಹುಳ ಕಚ್ಚಿ ತೊಡೆ ಹುಣ್ಣಾದರೂ ಅರಿವಿಲ್ಲದೆ ಧ್ಯಾನದಲ್ಲಿದ್ದ. ಆಮೇಲೆ ಎಷ್ಟೋ ವರ್ಷ ವಿರೂಪಾಕ್ಷ ಗುಹೆಯಲ್ಲಿ ವಾಸ. ಆ ಗುಹೆಗೆ ಹೆಸರು ಕೊಟ್ಟ ವಿರೂಪಾಕ್ಷದೇವರೆಂಬ ಸಂತರು ಕರ್ನಾಟಕದಿಂದ ಬಂದವರು ಎಂದು ಹೇಳುತ್ತಾರೆ. ವೆಂಕಟರಾಮನ್‌ಗೆ ‘ರಮಣ ಮಹರ್ಷಿ’ ಎಂಬ ಹೆಸರನ್ನು 1907ರಲ್ಲಿ ಕೊಟ್ಟವರು ಸಂಸ್ಕೃತ ಪಂಡಿತರಾದ ಗಣಪತಿ ಮುನಿ.

1902ರಲ್ಲಿ ಶಿವಪ್ರಕಾಶಂ ಪಿಳ್ಳೆ ಎಂಬುವರು ಬಂದು ‘ನಾನು ಯಾರು?’ ಎಂದು ಕೇಳಿದರು. ರಮಣರು ಆಗ ಮಾತಾಡುತ್ತಿರಲಿಲ್ಲ. ಉತ್ತರಗಳನ್ನು ಬರೆದು ತೋರಿಸಿದರು. ಅವೇ ಮುಂದೆ ‘ನಾನ್ ಯಾರ್?’ ಎಂಬ ಪುಟ್ಟ ಪುಸ್ತಕವಾದವು. ಅದರ ಸಾರ ಇಷ್ಟು: ಸಿಟ್ಟೋ ಹೆದರಿಕೆಯೋ ಬಂದರೆ, ಇದು ಯಾರಿಗೆ ಬಂತು ಎಂದು ಕೇಳಿಕೋ. ‘ನನಗೆ’ ಎಂದು ಹೊಳೆಯುತ್ತದೆ. ಆ ‘ನಾನು’ ಯಾರು ಎಂದು ಒಳಗೆ ಹುಡುಕು. ಹುಡುಕುತ್ತಾ ಮನಸ್ಸು ತಾನಾಗಿ ತಣಿಯುತ್ತದೆ.

ಗುಹೆಯಲ್ಲಿದ್ದವರೆಂದು ಜಗತ್ತನ್ನು ಮರೆತವರಲ್ಲ. ಮುಂದೆ ಅವರ ಸುತ್ತ ಬೆಳೆದ ಆಶ್ರಮದಲ್ಲಿ ಬೆಳಗಿನ ಜಾವ ಎದ್ದು ತರಕಾರಿ ಹೆಚ್ಚುತ್ತಿದ್ದರು. ಎಲ್ಲರಿಗೂ ಬಡಿಸದ್ದನ್ನು ತಮಗೆ ಬಡಿಸಿದರೆ ಒಪ್ಪುತ್ತಿರಲಿಲ್ಲ. 1924ರಲ್ಲಿ ಕಳ್ಳರು ನುಗ್ಗಿ ಅವರಿಗೇ ಹೊಡೆದಾಗ, ತಿರುಗಿ ಹೊಡೆಯಹೊರಟ ಶಿಷ್ಯರನ್ನು ತಡೆದರು. ಅಳಿಲು, ನವಿಲು, ಮಂಗಗಳೆಲ್ಲ ಅವರ ಮನೆಯವರೇ. ಲಕ್ಷ್ಮಿ ಎಂಬ ಹಸು ತೀರಿಕೊಂಡಾಗ ಆಶ್ರಮದಲ್ಲೇ ಸಮಾಧಿ ಮಾಡಿಸಿದರು. ಅದು ಈಗಲೂ ಇದೆ.

ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಬೆಂಗಳೂರಿನಿಂದ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಆಶ್ರಮದ ಹಳೆಯ ಹಾಲ್‌ನಲ್ಲಿ ಹತ್ತು ನಿಮಿಷ ಕೂರಿಸಿ, ‘ಸುಮ್ಮನಿರು’ ಎಂದಷ್ಟೇ ಹೇಳಿದರು. ಹೊರಗೆ ನವಿಲು ಕೂಗಿತು. ಅಪ್ಪನ ಕಣ್ಣಲ್ಲಿ ನೀರಿತ್ತು. ಯಾಕೆಂದು ನಾನು ಕೇಳಲಿಲ್ಲ. ಅಪ್ಪ ಈಗಿಲ್ಲ. ಆದರೆ ಈ ದೂರದ ದೇಶದ ಚಳಿಯ ರಾತ್ರಿಗಳಲ್ಲಿ ಮನಸ್ಸು ಕದಡಿದಾಗ ನಾನು ಹೋಗಿ ಕೂರುವುದು ಆ ಹತ್ತು ನಿಮಿಷದೊಳಗೇ.

ಅಪ್ಪ ಅಮ್ಮಂದಿರೇ, ನಾವು ಮಕ್ಕಳನ್ನು ನೃತ್ಯಕ್ಕೆ, ಈಜಿಗೆ, ಗಣಿತದ ತರಗತಿಗೆ ಕರೆದೊಯ್ಯುತ್ತೇವೆ. ಸುಮ್ಮನೆ ಕೂರುವುದನ್ನು ಮಾತ್ರ ಯಾರೂ ಕಲಿಸುತ್ತಿಲ್ಲ. ನಮಗೆ ಅದನ್ನು ತೋರಿಸಿಕೊಟ್ಟ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಾವೂ ತೋರಿಸದಿದ್ದರೆ ದಾರಿ ಇಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿನಿಂದ ತಿರುವಣ್ಣಾಮಲೈ ಸುಮಾರು 200 ಕಿಲೋಮೀಟರ್. ಈ ಬೇಸಿಗೆ ರಜೆಗೆ ಊರಿಗೆ ಹೋದಾಗ ಒಂದು ದಿನ ಅದಕ್ಕೆ ಮೀಸಲಿಡಿ. ಫೋನನ್ನು ಚೀಲದೊಳಗಿಟ್ಟು, ಆ ಹಾಲ್‌ನಲ್ಲಿ ಮಗುವಿನ ಪಕ್ಕ ಹತ್ತು ನಿಮಿಷ ಮಾತಿಲ್ಲದೆ ಕೂತು ಬನ್ನಿ.